ಕಾರವಾರದಿಂದ ಕಲಾಕ್ಷೇತ್ರಕ್ಕೆ

ನಾಟಕ ನೋಡುವುದಕ್ಕೆಂದೇ ಪರಊರಿಗೆ ಹೊರಡುವ ರೂಢಿ ಜಗತ್ತಿನ ಕೆಲವು ನಗರಗಳಲ್ಲಿ ಎಷ್ಟು ಬಲವಾಗಿದೆಯೆಂದರೆ, ಅಲ್ಲಿ ನಾಟಕಶಾಲೆಗಳು ಒತ್ತೊತ್ತಾಗಿ ನೆಲೆನಿಂತ ಕೇರಿಯ ಹೆಸರೇ ರಂಗಭೂಮಿಯ ಹೆಸರೂ ಆಗಿಬಿಟ್ಟಿದೆ. ಲಂಡನ್ನಿನ ವೆಸ್ಟ್ ಎಂಡ್ ಅಂಥದೊಂದು, ನ್ಯೂಯಾರ್ಕಿನ ಬ್ರಾಡ್‌ವೇ ಇನ್ನೊಂದು. ಬ್ರಾಡ್‌ವೇ ಎಂಬುದು ಮೂಲತಃ ಒಂದು ಉದ್ದನೆಯ ಬೀದಿಯ ಹೆಸರಾದರೂ ರಂಗಭೂಮಿಯ ಪರಿಭಾಷೆಯಲ್ಲಿ ಅದು 500 ಅಥವಾ ಅದಕ್ಕಿಂತ ಹೆಚ್ಚು ಆಸನಗಳುಳ್ಳ 41 ನಾಟಕಶಾಲೆಗಳ ಸಮೂಹವನ್ನು ಸೂಚಿಸುತ್ತದೆ, ಮತ್ತು ಅವುಗಳಲ್ಲಿ ಹೆಚ್ಚಿನವು ಆ ಬೀದಿಯಲ್ಲಿರದೆ ಅದನ್ನು ಹಾಯುವ ಅಡ್ಡರಸ್ತೆಗಳಲ್ಲಿವೆ. ಅಲ್ಲಿ ಒಂದೇ ನಾಟಕ ಒಂದೇ ಮಂದಿರದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವುದರಿಂದ ಪ್ರವಾಸಿಯು ಮೊದಲು ತನಗೆ ಅನುಕೂಲವಾದ ದಿನವನ್ನು ಗೊತ್ತುಮಾಡಿಕೊಂಡು ಅನಂತರ ನಾಟಕವನ್ನು ಆರಿಸಿಕೊಳ್ಳಬಹುದು. ಟೈಮ್ಸ್ ಸ್ಕ್ವೇರಿನ ಬಳಿ 1973ರಿಂದ ನಡೆದುಬಂದಿರುವ ಟಿಕೆಟ್ ಕಟ್ಟೆಯಲ್ಲಿ ಅಂದಂದಿನ ಉಳಿದ ಆಸನಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಕನ್ನಡ ರಂಗಭೂಮಿಯ ಕ್ರಮವಾದರೋ ಇದಕ್ಕೆ ತಿರುವುಮುರುವಾದುದು. ಇಲ್ಲಿ ಒಂದು ನಾಟಕ ಒಂದು ಮಂದಿರದಲ್ಲಿ ಒಂದೋ ಎರಡೋ ದಿನ ಆಡಿ, ಮುಂದಿನ ವಾರ ಮತ್ತೊಂದು ಮಂದಿರಕ್ಕೆ, ಅದರ ಮುಂದಿನ ತಿಂಗಳು ಮತ್ತೊಂದು ಊರಿಗೆ ಹೋಗುತ್ತದೆ. ಆದ್ದರಿಂದ ಕಾರವಾರ, ಅಂಕೋಲೆಗಳ ಕಡೆಯಿಂದ ಬೆಂಗಳೂರಿಗೆ ನಾಟಕ ನೋಡಲು ಹೊರಡುವವರು ಮೊದಲು ನಾಟಕವನ್ನು ಆರಿಸಿ, ಅದರ ದಿನಾಂಕಕ್ಕೆ ತಕ್ಕಂತೆ ರೈಲಿನ ಟಿಕೆಟ್ ಮಾಡಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿ ಬ್ರಾಡ್‌ವೇಯಂತಹ ಕೇರಿಯಿಲ್ಲವೆಂಬ ಮಾತು ನಿಜವೇ ಆದರೂ ಅದಕ್ಕೆ ಅತ್ಯಂತ ಸಮೀಪವಾದುದೊಂದಿದೆ, ಅದು ಜಯಚಾಮರಾಜೇಂದ್ರ ರಸ್ತೆಯ ಒಂದು ತುದಿ. ಜನರ ಬಾಯಲ್ಲಿ ಜೆ.ಸಿ. ರಸ್ತೆಯೆಂದಾಗಿರುವ, ಹಗಲೆಲ್ಲ ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿ ಮುಳುಗಿರುವ ಈ ರಸ್ತೆಯ ಮೇಲ್ತುದಿಯಲ್ಲಿ, 1935ರಲ್ಲಿ ತೆರೆದ, ಎತ್ತರದ ಕಂಬಸಾಲಿನ ಪುಟ್ಟಣ್ಣ ಚೆಟ್ಟಿ ಪುರಭವನವಿದೆ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿಯೇ ರವೀಂದ್ರ ಕಲಾಕ್ಷೇತ್ರ, ಅದರ ಹಿಂಬದಿಗೆ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದೊಳಗೆ ನಯನ ಸಭಾಂಗಣ, ರಸ್ತೆಯ ಆಚೆ ಬದಿಯಲ್ಲಿ ಎ.ಡಿ.ಎ. ರಂಗಮಂದಿರ ಇವೆ. ಎ.ಡಿ.ಎ. ಎಂಬುದು ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಎಂಬ ಹೆಸರಿನ ಹ್ರಸ್ವರೂಪ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಈ ಸಂಘವು ಹವ್ಯಾಸಿ ರಂಗಭೂಮಿಯ, ಅಂದರೆ ಹೊಟ್ಟೆಪಾಡಿಗೆ ಬೇರೆ ಉದ್ಯೋಗವನ್ನಿಟ್ಟುಕೊಂಡು ಆಸಕ್ತಿಯಿಂದ ನಾಟಕ ಆಡುವವರ ರಂಗಭೂಮಿಯ, ಹಳೆಯ ಬೇರುಗಳಲ್ಲೊಂದು. ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ನಾಟಕ ಅಕಾಡೆಮಿ ಮೊದಲಾದ ಕಚೇರಿಗಳೂ ಕನ್ನಡ ಭವನದಲ್ಲಿಯೇ ಇರುವುದರಿಂದ ಸಂಜೆಯ ಹೊತ್ತಿಗೆ ಕಲಾಕ್ಷೇತ್ರದ ಮೆಟ್ಟಿಲುಗಳ ಮೇಲೂ ಅಂಗಳದ ಮರಗಳ ಕೆಳಗೂ ನಟರು, ಬೆಳಕಿನವರು, ಪ್ರಸಾಧನದವರು, ಹೊಸದಾಗಿ ತಂಡ ಕಟ್ಟಲು ಹವಣಿಸುವ ಹುಡುಗರು ಸೇರಿರುತ್ತಾರೆ. ಕನ್ನಡ ನಾಟಕದ ಬಗ್ಗೆ ಏನನ್ನು ಕೇಳಿ ತಿಳಿಯಬೇಕಾದರೂ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ರವೀಂದ್ರ ಕಲಾಕ್ಷೇತ್ರದ ಹೆಸರಿನಲ್ಲಿಯೇ ಕಾರವಾರದವರಿಗೆ ಸಲ್ಲಬೇಕಾದ ಒಂದು ಸಂಗತಿ ಅಡಗಿದೆ. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿ 1961ರಲ್ಲಿ ಬಂದಾಗ ಅದರ ನೆನಪಿಗಾಗಿ ದೇಶದ ಹಲವು ರಾಜ್ಯಗಳಲ್ಲಿ ರಂಗಮಂದಿರಗಳನ್ನು ಕಟ್ಟುವ ಯೋಜನೆ ರೂಪುಗೊಂಡಿತು. ಹೈದರಾಬಾದಿನ ರವೀಂದ್ರ ಭಾರತಿ, ಮುಂಬಯಿಯ ರವೀಂದ್ರ ನಾಟ್ಯ ಮಂದಿರ, ಚಂಡೀಗಢ ಮತ್ತು ತಿರುವನಂತಪುರಗಳ ಠಾಕೂರ್ ಥಿಯೇಟರುಗಳು ಆ ಹೆಸರನ್ನು ಹೊತ್ತಿರುವುದು ಹೀಗೆ, ಮತ್ತು 1963ರಲ್ಲಿ ಉದ್ಘಾಟನೆಗೊಂಡ ಬೆಂಗಳೂರಿನ ಕಲಾಕ್ಷೇತ್ರವೂ ಆ ಸಾಲಿಗೇ ಸೇರಿದುದು. ಆದರೆ ಇವುಗಳನ್ನು ಕಟ್ಟಿದ ರಾಜ್ಯಗಳಿಗೆಲ್ಲ ಠಾಕೂರರ ನಾಟಕದೊಡನೆ ನೆಲದ ನಂಟು ಇರಲಿಲ್ಲ, ಕರ್ನಾಟಕಕ್ಕೆ ಇತ್ತು. ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಹರೆಯದ ರವೀಂದ್ರರು ಅವರಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ಅಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು, ಅದು 1884ರಲ್ಲಿ ಪ್ರಕಟವಾಯಿತು. ಸಕಲ ಬಂಧನಗಳನ್ನೂ ಕತ್ತರಿಸಿಕೊಂಡು ಪ್ರಕೃತಿಯನ್ನು ಗೆದ್ದೆನೆಂದು ಭಾವಿಸಿದ ಸಂನ್ಯಾಸಿಯೊಬ್ಬನನ್ನು ಒಬ್ಬ ಪುಟ್ಟ ಹುಡುಗಿಯ ಮೇಲಿನ ಅಕ್ಕರೆ ಮತ್ತೆ ಮನುಷ್ಯರ ನಡುವೆ ಎಳೆದು ತರುವುದು ಇದರ ಕಥೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದು ಪೀಠಿಕೆಯಂತಿದೆ ಎಂಬ ಅರ್ಥದ ಮಾತನ್ನು ಅವರು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದ ಇರುಳನ್ನೂ ಅಲ್ಲಿ ನೆನೆದಿದ್ದಾರೆ. ಕಾಳಿಯ ದಂಡೆಯ ಕಿನ್ನರ, ಸದಾಶಿವಗಡಗಳ ಕಡೆಯ ಪ್ರೇಕ್ಷಕರು ಜೆ.ಸಿ. ರಸ್ತೆಯ ಆ ಮಂದಿರದ ಮುಂದೆ ನಿಂತಾಗ, ಅದರ ಹೆಸರಿನ ಕವಿಗೆ ನಾಟಕಕಾರನ ದಾರಿ ತೋರಿದ ಕಡಲದಂಡೆ ತಮ್ಮದೇ ಎಂಬುದನ್ನು ತಿಳಿದಿರಬೇಕು. ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ, ಆದರೆ ಅಲ್ಲಿ ಹುಟ್ಟಿದ ನಾಟಕವನ್ನು ಅದೇ ಊರಿನಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ಆಗಾಗ ಆಡುವಂತಾದರೆ ಆ ಹೆಸರಿಗೆ ಹೆಚ್ಚಿನ ಅರ್ಥ ಬಂದೀತು.

ಕಲಾಕ್ಷೇತ್ರದ ಒಳಗಿನ ರಂಗ ಪ್ರೊಸೀನಿಯಂ ಬಗೆಯದು, ಎಂದರೆ ಚೌಕಟ್ಟಿನೊಳಗೆ ಚಿತ್ರವನ್ನಿಟ್ಟಂತೆ ಒಂದೇ ಬದಿಯಿಂದ ನೋಡಬೇಕಾದುದು. ಸುಮಾರು ಸಾವಿರ ಮಂದಿ ಕೂರುವ ಈ ಸಭಾಂಗಣದಲ್ಲಿ ದೊಡ್ಡ ರಂಗಸಜ್ಜಿಕೆ, ಹೆಚ್ಚು ಪಾತ್ರಗಳು, ಹಾಡು ಕುಣಿತಗಳುಳ್ಳ ನಾಟಕ ಕಳೆಗಟ್ಟುತ್ತದೆ. ಇಬ್ಬರು ಪಾತ್ರಧಾರಿಗಳು ಮೆಲುದನಿಯಲ್ಲಿ ಮಾತಾಡುವ ನಾಟಕಕ್ಕೆ ಅದು ಅಷ್ಟು ಹಿತವಲ್ಲ, ಅಂಥವಕ್ಕೆ ಪಕ್ಕದ ನಯನದಂತಹ ಕಿರಿದಾದ ಸಭಾಂಗಣವೇ ಮೇಲು. ಹಿಂದಿರುವ ಬಯಲು ರಂಗಮಂದಿರದ ಕಥೆ ಬೇರೆ. 1970ರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’, ಪಿ. ಲಂಕೇಶರ ‘ಸಂಕ್ರಾಂತಿ’ ಮತ್ತು ಲಂಕೇಶರೇ ಕನ್ನಡಕ್ಕೆ ತಂದ ಗ್ರೀಕ್ ನಾಟಕ ‘ಈಡಿಪಸ್’ಗಳನ್ನು ಕಲಾಕ್ಷೇತ್ರದ ಒಳಗೆ ಆಡಿಸದೆ ಅದರ ಹಿಂದಿನ ಬಯಲಿನಲ್ಲಿ ಆಡಿಸಿದ್ದು ಕನ್ನಡ ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ಬದಲಿಸಿದ ಘಟನೆಯೆಂದು ರಂಗ ಇತಿಹಾಸವನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ಅಲ್ಲಿಯವರೆಗೆ ದಿವಾನಖಾನೆಯ ಮೂರು ಗೋಡೆಗಳ ನಡುವೆ ಕುಳಿತು ಮಾತಾಡುತ್ತಿದ್ದ ನಗರದ ನಾಟಕಕ್ಕೆ, ಹಳ್ಳಿಯ ಬಯಲಾಟದ ಮೇಳ, ಹಾಡು, ದೇಹದ ಬೀಸುಗಳು ಹೊಸ ಕಸುವನ್ನು ತಂದವು. ಆ ಬಯಲಿಗೆ ಮುಂದೆ ‘ಸಂಸ’ ಎಂಬ ಹೆಸರು ಬಂತು. ಸಂಸ ಎಂಬುದು ಮೈಸೂರು ಅರಸರ ಚರಿತ್ರೆಯನ್ನು ನಾಟಕವಾಗಿಸಿದ ಎ.ಎನ್. ಸ್ವಾಮಿ ವೆಂಕಟಾದ್ರಿ ಅಯ್ಯರರ ಕಾವ್ಯನಾಮ. 1898ರಿಂದ 1939ರವರೆಗೆ ಬದುಕಿದ್ದ ಅವರು ಬರೆದ ನಾಟಕಗಳಲ್ಲಿ ‘ವಿಗಡ ವಿಕ್ರಮರಾಯ’, ‘ಸುಗುಣ ಗಂಭೀರ’ ಮೊದಲಾದ ಆರು ಮಾತ್ರ ಉಳಿದಿವೆ. ಬದುಕಿನಲ್ಲಿ ತಮ್ಮ ನಾಟಕಗಳಿಗೆ ರಂಗವನ್ನೇ ಕಾಣದಂತಿದ್ದ ಲೇಖಕನ ಹೆಸರು ಆಕಾಶವೇ ಚಾವಣಿಯಾದ ರಂಗಕ್ಕೆ ಬಂದಿರುವುದು ತಡವಾಗಿಯಾದರೂ ಸಂದ ಗೌರವ.

ಕಾರವಾರ, ಅಂಕೋಲೆಯವರಿಗೆ ಬಯಲು ರಂಗವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಗದ್ದೆಯ ಕೊಯ್ಲು ಮುಗಿದ ಮೇಲೆ ಅಲ್ಲಿಯೇ ರಂಗಸ್ಥಳ ಕಟ್ಟಿ ಬೆಳತನಕ ನಡೆಯುವ ಯಕ್ಷಗಾನವನ್ನು ಈ ಭಾಗದಲ್ಲಿ ‘ಆಟ’ವೆಂದೇ ಕರೆಯುತ್ತಾರೆ, ಜಾತ್ರೆ, ಹಬ್ಬಗಳಲ್ಲಿ ಊರ ಯುವಕರು ಕನ್ನಡದಲ್ಲಿ, ಕೊಂಕಣಿಯಲ್ಲಿ, ಕೆಲವೆಡೆ ಮರಾಠಿಯಲ್ಲಿಯೂ ನಾಟಕ ಕಟ್ಟುವುದು ಇಂದಿಗೂ ಉಳಿದಿದೆ. ಹೊನ್ನಾವರದ ಬಳಿಯ ಕರ್ಕಿಯ ಮೇಳವೊಂದು ಘಟ್ಟದ ಮೇಲಕ್ಕೆ ಪ್ರವಾಸ ಹೋಗಿ ಸಾಂಗಲಿಯಲ್ಲಿ ಆಡಿದ ಆಟವನ್ನು ಕಂಡ ಅಲ್ಲಿನ ಅರಸರು ಅಂಥದನ್ನು ಮರಾಠಿಯಲ್ಲಿ ರಚಿಸಲು ವಿಷ್ಣುದಾಸ ಭಾವೆಯವರಿಗೆ ಹೇಳಿದರೆಂದೂ, 1843ರಲ್ಲಿ ಅವರು ಆಡಿಸಿದ ‘ಸೀತಾ ಸ್ವಯಂವರ’ದಿಂದ ಆಧುನಿಕ ಮರಾಠಿ ರಂಗಭೂಮಿ ಆರಂಭವಾಯಿತೆಂದೂ ರಂಗ ಇತಿಹಾಸಕಾರರು ದಾಖಲಿಸಿದ್ದಾರೆ. ಗಿರೀಶ ಕಾರ್ನಾಡರು ಬಾಲ್ಯದಲ್ಲಿ ಶಿರಸಿಯಲ್ಲಿ ಕಂಡ ಯಕ್ಷಗಾನ ಮತ್ತು ಕಂಪನಿ ನಾಟಕಗಳು, ಮುಂದೆ ‘ಹಯವದನ’ದಂತಹ ಕೃತಿಯಲ್ಲಿ ಮತ್ತೆ ಕಾಣಿಸಿಕೊಂಡವು. ಇನ್ನು ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟ, ಅಂದರೆ ವರ್ಷಕ್ಕೆ ಕೆಲವು ನಾಟಕಗಳನ್ನು ಸಿದ್ಧಪಡಿಸಿಕೊಂಡು ಊರೂರು ಸುತ್ತುವ ತಂಡ, ಈ ಜಿಲ್ಲೆಯ ಊರುಗಳಿಗೂ ಬಂದು ಹೊಸ ನಾಟಕವನ್ನು ಮನೆಬಾಗಿಲಿಗೇ ಮುಟ್ಟಿಸಿದೆ. ಹೀಗೆ ನೋಡುವ ಅಭ್ಯಾಸವುಳ್ಳ ಪ್ರೇಕ್ಷಕರೇ ಈ ದಾರಿಯಲ್ಲಿ ಹೊರಡುವವರಾದ್ದರಿಂದ ಬೆಂಗಳೂರಿನ ನಾಟಕವನ್ನು ಅವರು ಬೆರಗಿನಿಂದ ಮಾತ್ರವಲ್ಲದೆ ತೂಗಿ ನೋಡುವ ಕಣ್ಣಿನಿಂದಲೂ ನೋಡಬಲ್ಲರು.

ಕಡಲತೀರದ ಇನ್ನೊಂದು ನಂಟು ನಗರದ ದಕ್ಷಿಣಕ್ಕೆ, ಜೆ.ಪಿ. ನಗರದ ಎರಡನೆಯ ಹಂತದಲ್ಲಿದೆ. ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ 1954ರಲ್ಲಿ ಹುಟ್ಟಿದ ಶಂಕರ್ ನಾಗ್, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ, ಬೆಂಗಳೂರಿಗೆ ಬಂದು ಸಿನಿಮಾದಲ್ಲಿ ಹೆಸರಾದ ಮೇಲೂ ‘ಸಂಕೇತ್’ ತಂಡದ ಮೂಲಕ ನಾಟಕವನ್ನು ಬಿಡದೆ ಆಡುತ್ತಿದ್ದರು. ದಿನವೂ ನಾಟಕ ನಡೆಯುವ ಒಂದು ಮಂದಿರ ಈ ನಗರಕ್ಕೆ ಬೇಕೆಂಬುದು ಅವರ ಹಂಬಲವಾಗಿತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಅದೇ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ಅವರ ಪತ್ನಿ, ನಟಿ ಅರುಂಧತಿ ನಾಗ್ ಚೇತರಿಸಿಕೊಂಡು, ಗೆಳೆಯರನ್ನು ಕೂಡಿಸಿ, ಹಣ ಸಂಗ್ರಹಿಸಿ, ವರ್ಷಗಟ್ಟಲೆ ದುಡಿದು ಕಟ್ಟಿಸಿದ ‘ರಂಗಶಂಕರ’ 2004ರ ಅಕ್ಟೋಬರಿನಲ್ಲಿ ತೆರೆಯಿತು. ಅಂದಿನಿಂದ ಸೋಮವಾರ ಬಿಟ್ಟು ಮಿಕ್ಕ ದಿನಗಳಲ್ಲಿ ಅಲ್ಲಿ ನಾಟಕವೊಂದು ಇರುವುದೇ ವಾಡಿಕೆ. ಸುಮಾರು ಮುನ್ನೂರು ಮಂದಿ ಕೂರುವ ಅಲ್ಲಿನ ರಂಗ ಥ್ರಸ್ಟ್ ಬಗೆಯದು, ಅಂದರೆ ಪ್ರೇಕ್ಷಕರ ನಡುವಿಗೆ ಚಾಚಿಕೊಂಡು ಮೂರು ಬದಿಗಳಿಂದ ಕಾಣುವಂಥದು. ಆಟದ ರಂಗಸ್ಥಳದ ಮೂರೂ ಬದಿಗೆ ಚಾಪೆ ಹಾಸಿ ಕೂತು ನೋಡಿದವರಿಗೆ ಈ ರಂಗ ಕಲಾಕ್ಷೇತ್ರದ ಚೌಕಟ್ಟಿಗಿಂತ ಹೆಚ್ಚು ಪರಿಚಿತವೆನ್ನಿಸುತ್ತದೆ. ನಟನ ಬೆವರು, ಉಸಿರು, ಕಣ್ಣಂಚಿನ ಚಲನೆ ಎಲ್ಲವೂ ಹತ್ತಿರದಿಂದ ತಾಕುತ್ತವೆ. ಮೊದಲ ಬಾರಿಗೆ ಹೋಗುವವರಿಗೆ ಒಂದೇ ಒಂದು ಮಂದಿರವನ್ನು ಸೂಚಿಸಬೇಕೆಂದರೆ ಸೂಚಿಸಬೇಕಾದದ್ದು ಇದನ್ನೇ.

ಆದರೆ ರಂಗಶಂಕರದ ಶಿಸ್ತು ಬಯಲಾಟದ ಸಡಿಲಿಕೆಗೆ ಒಗ್ಗಿದವರನ್ನು ಮೊದಮೊದಲು ತಬ್ಬಿಬ್ಬುಗೊಳಿಸುವಂಥದು. ಆಟದಲ್ಲಿ ಪ್ರೇಕ್ಷಕನು ಪೂರ್ವರಂಗದ ಹೊತ್ತಿಗೆ ಬರಬಹುದು, ನಡುರಾತ್ರಿ ಎದ್ದು ಚಾ ಕುಡಿದು ಬರಬಹುದು, ಚೌಕಿಗೆ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗಕ್ಕೆ, ಹೋಗಿ ಇಣುಕಬಹುದು, ಬೆಳಗಿನ ಜಾವಕ್ಕೆ ನಿದ್ದೆಹೋದ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಕೊನೆಯ ಯುದ್ಧವನ್ನು ನೋಡಬಹುದು. ಇಲ್ಲಿ ಗೊತ್ತುಮಾಡಿದ ಗಳಿಗೆಗೆ, ಸಾಮಾನ್ಯವಾಗಿ ಸಂಜೆ ಏಳೂವರೆಗೆ, ಬಾಗಿಲು ಮುಚ್ಚಿದರೆ ಅನಂತರ ಬಂದವರಿಗೆ, ಕೈಯಲ್ಲಿ ಟಿಕೆಟ್ ಇದ್ದರೂ, ಪ್ರವೇಶವಿಲ್ಲ; ಆಸನಗಳಿಗೆ ಸಂಖ್ಯೆಯಿಲ್ಲವಾದ್ದರಿಂದ ಸರತಿಯಲ್ಲಿ ಮೊದಲು ನಿಂತವರಿಗೆ ಮೊದಲ ಜಾಗ. ಕತ್ತಲೆಯಲ್ಲಿ ತಡವಾಗಿ ಒಳಬರುವ ಒಬ್ಬನು ಮುನ್ನೂರು ಮಂದಿಯ ಏಕಾಗ್ರತೆಯನ್ನೂ ನಟನ ತಾಳವನ್ನೂ ಕೆಡಿಸುತ್ತಾನೆಂಬ ತಿಳಿವಳಿಕೆಯಿಂದ ಬಂದ ಈ ನಿಯಮಕ್ಕೆ ಯಾರ ಹೆಸರನ್ನು ಹೇಳಿದರೂ ವಿನಾಯಿತಿ ಸಿಗದು. ಬೆಂಗಳೂರಿನ ಸಂಜೆಯ ವಾಹನದಟ್ಟಣೆಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯುವುದು ಅಪರೂಪವಲ್ಲವಾದ್ದರಿಂದ ಒಂದು ಗಂಟೆ ಮೊದಲೇ ಅಲ್ಲಿಗೆ ತಲಪಿ, ಮಂದಿರದೊಳಗಿನ ಉಪಾಹಾರದ ಕಟ್ಟೆಯಲ್ಲಿ ಏನನ್ನಾದರೂ ತಿಂದು ಕಾಯುವುದು ಸರಿಯಾದ ಕ್ರಮ.

ಯಾವ ನಾಟಕ ಎಂದು, ಎಲ್ಲಿ ಎಂಬುದನ್ನು ಊರಿನಲ್ಲಿಯೇ ತಿಳಿಯುವ ದಾರಿ ಹಿಂದಿಗಿಂತ ಈಗ ಸುಲಭವಾಗಿದೆ. ಬೆಂಗಳೂರಿನ ದಿನಪತ್ರಿಕೆಗಳು ಅಂದಿನ ಕಾರ್ಯಕ್ರಮಗಳ ಅಂಕಣವೊಂದನ್ನು ಪ್ರಕಟಿಸುತ್ತವೆ, ಆದರೆ ಅದು ಬೆಂಗಳೂರು ಆವೃತ್ತಿಗಷ್ಟೇ ಸೀಮಿತವಾಗಿದ್ದು ಕರಾವಳಿಗೆ ಬರುವ ಹುಬ್ಬಳ್ಳಿ ಆವೃತ್ತಿಗಳಲ್ಲಿ ಇರುವುದಿಲ್ಲ. ಪತ್ರಿಕೆಯ ಇ-ಆವೃತ್ತಿಯನ್ನು ಮೊಬೈಲಿನಲ್ಲಿ ತೆರೆದು ನೋಡಬೇಕು. ರಂಗಶಂಕರವು ತಿಂಗಳ ಕಾರ್ಯಕ್ರಮ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ, ಟಿಕೆಟುಗಳು ಬುಕ್ ಮೈ ಶೋದಂತಹ ತಾಣಗಳಲ್ಲಿ ಸಿಗುತ್ತವೆ. ಜೆ.ಸಿ. ರಸ್ತೆಯ ಮಂದಿರಗಳ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ಕಲಾಕ್ಷೇತ್ರವು ಬಾಡಿಗೆಗೆ ದೊರೆಯುವ ಸರ್ಕಾರಿ ಮಂದಿರವಾದ್ದರಿಂದ ಒಂದು ಸಂಜೆ ನಾಟಕವಿದ್ದರೆ ಮರುಸಂಜೆ ಸನ್ಮಾನ ಸಮಾರಂಭ, ಅದರ ಮರುಸಂಜೆ ಶಾಲೆಯ ವಾರ್ಷಿಕೋತ್ಸವ ಇರಬಹುದು. ಆದ್ದರಿಂದ ಅಲ್ಲಿಗೆ ಹೋಗುವವರು ಮಂದಿರದ ಹೆಸರನ್ನು ಹಿಡಿದು ಹುಡುಕದೆ ತಂಡಗಳ ಹೆಸರನ್ನು ಹಿಡಿದು ಹುಡುಕಬೇಕು. ಬಿ.ವಿ. ಕಾರಂತರು ಕಟ್ಟಿದ ಬೆನಕ, 1970ರ ದಶಕದ ಸಾಮಾಜಿಕ ಎಚ್ಚರದಿಂದ ಹುಟ್ಟಿದ ಸಮುದಾಯ, ‘ಮುಖ್ಯಮಂತ್ರಿ’ ನಾಟಕದಿಂದ ಮನೆಮಾತಾದ ಕಲಾಗಂಗೋತ್ರಿ ಮೊದಲಾದ ಹಳೆಯ ತಂಡಗಳೂ ಹೊಸದಾಗಿ ಹುಟ್ಟಿಕೊಂಡ ಹಲವು ತಂಡಗಳೂ ತಮ್ಮ ಪ್ರಯೋಗಗಳ ಸುದ್ದಿಯನ್ನು ಸಾಮಾಜಿಕ ಜಾಲತಾಣಗಳಲ್ಲಿ ಒಂದೆರಡು ವಾರ ಮೊದಲೇ ಹಾಕುತ್ತವೆ. ಪ್ರಯೋಗ ಎಂಬುದು ರಂಗಭೂಮಿಯವರ ಮಾತಿನಲ್ಲಿ ಒಂದು ಬಾರಿಯ ಪ್ರದರ್ಶನ. ನೂರನೆಯ ಪ್ರಯೋಗವೆಂದರೆ ನೂರನೆಯ ಸಲ ಆಡುತ್ತಿರುವುದೆಂದರ್ಥ, ಪರೀಕ್ಷೆಯೆಂದಲ್ಲ.

ಕಾಲವನ್ನು ಆರಿಸುವುದರಲ್ಲಿ ಕರಾವಳಿಯವರಿಗೆ ಒಂದು ಇಕ್ಕಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನುಗಾರ ಕುಟುಂಬಗಳಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಮೇಳಗಳ ತಿರುಗಾಟವೂ ಆಗ ಮುಗಿದಿರುತ್ತದೆ. ಅದೇ ಜುಲೈಯಲ್ಲಿ ರಂಗಶಂಕರದಲ್ಲಿ ಮಕ್ಕಳ ನಾಟಕಗಳ ಉತ್ಸವ ನಡೆಯುವ ವಾಡಿಕೆಯಿದ್ದು, ಮಕ್ಕಳನ್ನು ಕರೆದೊಯ್ಯುವವರಿಗೆ ಅದು ತಕ್ಕ ಸಮಯ. ಆದರೆ ಘಟ್ಟದ ದಾರಿಗಳು ನಂಬಿಕೆಗೆ ಅರ್ಹವಾಗಿರದ ಕಾಲವೂ ಅದೇ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜೀವಗಳನ್ನೂ ನುಂಗಿದ ನೆನಪು ಇನ್ನೂ ಹಸಿಯಾಗಿದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವಣ ರೈಲುಮಾರ್ಗದಲ್ಲಿಯೂ ಭಾರೀ ಮಳೆಗೆ ಮಣ್ಣು ಜರಿದು ರೈಲುಗಳು ನಿಲ್ಲುವುದುಂಟು. ಮಳೆಗಾಲದಲ್ಲಿ ಹೊರಡುವವರು ನಾಟಕದ ದಿನಕ್ಕೆ ಒಂದು ದಿನ ಮೊದಲೇ ನಗರದಲ್ಲಿರುವಂತೆ ನೋಡಿಕೊಳ್ಳಬೇಕು, ಮತ್ತು ಆ ತಿಂಗಳುಗಳಲ್ಲಿ ಬಯಲು ರಂಗಮಂದಿರವನ್ನು ನೆಚ್ಚಬಾರದು. ದೀಪಾವಳಿಯ ಅನಂತರದಿಂದ ಮಾರ್ಚ್ ಕೊನೆಯವರೆಗಿನ ಅವಧಿ ಎಲ್ಲ ದೃಷ್ಟಿಯಿಂದಲೂ ಹಿತವಾದುದು. ಮಾರ್ಚ್ 27ರ ವಿಶ್ವ ರಂಗಭೂಮಿ ದಿನದ ಆಸುಪಾಸಿನಲ್ಲಿ ಬಯಲಲ್ಲಿಯೂ ಒಳಾಂಗಣದಲ್ಲಿಯೂ ನಾಟಕಗಳು ಒತ್ತಾಗಿ ನಡೆಯುತ್ತವೆ.

ರೈಲಿನ ವಿಷಯದಲ್ಲಿ ಕಾರವಾರದವರ ಭಾಗ್ಯ ಹಿಂದಿಗಿಂತ ಮೇಲು. ಸಂಜೆ ಕಾರವಾರ ಬಿಟ್ಟು, ಅಂಕೋಲೆ, ಗೋಕರ್ಣ ರೋಡ್, ಕುಮಟಾಗಳ ಮೂಲಕ ಕರಾವಳಿಯುದ್ದಕ್ಕೂ ಇಳಿದು, ರಾತ್ರಿ ಘಟ್ಟ ಹತ್ತಿ, ಬೆಳಿಗ್ಗೆ ಯಶವಂತಪುರದ ಮೂಲಕ ಬೆಂಗಳೂರು ಸೇರುವ ಪಂಚಗಂಗಾ ಎಕ್ಸ್‌ಪ್ರೆಸ್ ನಾಟಕದ ಪ್ರವಾಸಿಗೆ ಹೇಳಿ ಮಾಡಿಸಿದಂತಿದೆ. ಯಶವಂತಪುರದಲ್ಲಿ ಇಳಿದರೆ ಮತ್ತೊಂದು ಅನುಕೂಲವುಂಟು: ಅಲ್ಲಿಂದ ಹೊರಡುವ ನಮ್ಮ ಮೆಟ್ರೊದ ಹಸಿರು ಮಾರ್ಗ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನೂ ಹಾಯ್ದು ದಕ್ಷಿಣದ ಬನಶಂಕರಿ, ಜಯಪ್ರಕಾಶ ನಗರಗಳ ಕಡೆಗೂ ಹೋಗುವುದರಿಂದ ಒಂದೇ ಮಾರ್ಗದ ಮೇಲೆ ರೈಲು ನಿಲ್ದಾಣ, ಕಲಾಕ್ಷೇತ್ರ, ರಂಗಶಂಕರ ಮೂರೂ ಸಿಕ್ಕಂತಾಗುತ್ತದೆ. ಮಾರುಕಟ್ಟೆಯ ನಿಲ್ದಾಣದಿಂದ ಕಲಾಕ್ಷೇತ್ರಕ್ಕೆ ನಡೆದೇ ಹೋಗಬಹುದು, ರಂಗಶಂಕರಕ್ಕೆ ಮಾತ್ರ ಕೊನೆಯ ತುಸು ದೂರಕ್ಕೆ ಆಟೊ ಬೇಕು. ಬೆಂಗಳೂರಿಗೆ ಮೆಟ್ರೊ ಬೇಕೆಂದು ಬಹಳ ಮೊದಲೇ ಕನಸು ಕಂಡವರಲ್ಲಿ ಶಂಕರ್ ನಾಗ್ ಒಬ್ಬರೆಂಬುದನ್ನು ಅವರ ಹೆಸರಿನ ಮಂದಿರಕ್ಕೆ ಅದರಲ್ಲಿಯೇ ಹೋಗುವವರು ನೆನೆಯುವುದು ಉಚಿತ. ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನಗಳಷ್ಟೇ ಮೊದಲು ತೆರೆಯುತ್ತದೆ, ಹಬ್ಬ ಮತ್ತು ರಜೆಯ ದಿನಗಳಲ್ಲಿ ಬೇಗನೆ ತುಂಬಿಯೂ ಹೋಗುತ್ತದೆ. ಟಿಕೆಟ್ ಸಿಗದವರಿಗೆ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗಳ ಮೂಲಕ ಹೋಗುವ ರಾತ್ರಿಯ ಬಸ್ಸುಗಳಿವೆ.

ತೊಡಕಿರುವುದು ಹಿಂತಿರುಗುವಾಗ. ಪಂಚಗಂಗಾ ಬೆಂಗಳೂರು ಬಿಡುವುದು ಸಂಜೆಯೇ. ಅದು ಯಶವಂತಪುರ ದಾಟುವ ಹೊತ್ತಿಗೆ ಕಲಾಕ್ಷೇತ್ರದಲ್ಲಿ ಮೂರನೆಯ ಗಂಟೆ, ಅಂದರೆ ಪರದೆ ಏಳುವುದಕ್ಕೆ ಮುನ್ನಿನ ಕೊನೆಯ ಗಂಟೆ, ಹೊಡೆಯುತ್ತಿರುತ್ತದೆ. ಹಾಗಾಗಿ ಸಂಜೆಯ ನಾಟಕವನ್ನೂ ಅದೇ ದಿನದ ರೈಲನ್ನೂ ಒಟ್ಟಿಗೆ ಹಿಡಿಯಲಾಗದು. ವಾರಾಂತ್ಯದಲ್ಲಿ ರಂಗಶಂಕರದಲ್ಲಿ ಮಧ್ಯಾಹ್ನ ಮೂರೂವರೆಗೆ ನಡೆಯುವ ಪ್ರಯೋಗವನ್ನು ನೋಡಿ ಓಡಿದರೂ ರೈಲು ಸಿಗುವ ಭರವಸೆಯಿಲ್ಲ. ಒಂದು ರಾತ್ರಿ ನಗರದಲ್ಲಿಯೇ ಉಳಿಯುವುದೆಂದು ಮೊದಲೇ ನಿಶ್ಚಯಿಸುವುದೊಂದೇ ಸರಿಯಾದ ದಾರಿ. ಹಾಗೆ ಉಳಿದವರಿಗೆ ವಾರದಲ್ಲಿ ಕೆಲವು ದಿನ ಯಶವಂತಪುರದಿಂದ ಬೆಳಿಗ್ಗೆ ಹೊರಟು ಹಗಲಿನಲ್ಲಿಯೇ ಘಟ್ಟವನ್ನಿಳಿಯುವ ರೈಲು ಒದಗುತ್ತದೆ, ಆದರೆ ಘಟ್ಟದಲ್ಲಿ ಕಾಮಗಾರಿ ನಡೆಯುವಾಗ ಹಗಲಿನ ರೈಲುಗಳನ್ನೇ ಮೊದಲು ರದ್ದುಮಾಡುವುದರಿಂದ ಅದನ್ನು ವಿಚಾರಿಸಿಕೊಂಡೇ ನೆಚ್ಚಬೇಕು. ಮಜೆಸ್ಟಿಕ್ ಅಥವಾ ಗಾಂಧಿನಗರದಲ್ಲಿ ತಂಗಿದರೆ ರೈಲು, ಬಸ್ಸು, ಮೆಟ್ರೊ ಮೂರೂ ಹತ್ತಿರ. ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರವಿರುವುದೂ ಗಾಂಧಿನಗರದಲ್ಲಿಯೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೃತ್ತಿ ರಂಗಭೂಮಿಯ, ಎಂದರೆ ನಾಟಕವನ್ನೇ ಜೀವನೋಪಾಯವಾಗಿಸಿಕೊಂಡವರ ರಂಗಭೂಮಿಯ, ವೈಭವದ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು.

ಎರಡು ಮೂರು ದಿನಗಳ ಬಿಡುವು ಮಾಡಿಕೊಂಡು ಬಂದವರು ಪಟ್ಟಿಯನ್ನು ಇನ್ನಷ್ಟು ಹಿಗ್ಗಿಸಬಹುದು. ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲೇಶ್ವರದ ಸೇವಾಸದನ ಹವ್ಯಾಸಿ ತಂಡಗಳಿಗೆ ಪ್ರಿಯವಾದವು. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಲ್ಲಿ ಸಂಗೀತವೇ ಹೆಚ್ಚು. ವೈಟ್‌ಫೀಲ್ಡಿನ ಜಾಗೃತಿಯಲ್ಲಿ ಇಂಗ್ಲಿಷ್ ನಾಟಕಗಳು ಹೆಚ್ಚು. ನಗರದ ಪಶ್ಚಿಮಕ್ಕೆ ಮಲ್ಲತ್ತಹಳ್ಳಿಯಲ್ಲಿರುವ ಕಲಾಗ್ರಾಮ ಮಾತ್ರ ಕರಾವಳಿಯವರಿಗೆ ವಿಶೇಷವಾಗಿ ಹೇಳಬೇಕಾದುದು, ಏಕೆಂದರೆ ಸಿ. ಬಸವಲಿಂಗಯ್ಯನವರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಡೀ ರಾತ್ರಿಯ, ಒಂಬತ್ತು ಗಂಟೆಗಳ ನಾಟಕವಾಗಿಸಿ, ಮೈಸೂರಿನ ಅನಂತರ ಅಲ್ಲಿಯೇ ಬಯಲಿನಲ್ಲಿ ಆಡಿಸಿದರು. ಒಂದು ದೃಶ್ಯ ಮುಗಿದೊಡನೆ ಪ್ರೇಕ್ಷಕರು ಎದ್ದು ಮುಂದಿನ ರಂಗದ ಕಡೆಗೆ ನಡೆಯುತ್ತಿದ್ದ ಆ ಪ್ರಯೋಗಕ್ಕೆ ನಗರದ ಜನ ಕಂಬಳಿ ಹೊದ್ದು ಬೆಳತನಕ ಕುಳಿತರು. ನಿದ್ದೆಗೆಟ್ಟು ನಾಟಕ ನೋಡುವುದು ಹಳ್ಳಿಯವರ ಹಳೆಯ ಚಾಳಿಯೆಂದು ತಿಳಿದಿದ್ದವರಿಗೂ ಅದರ ಸುಖ ತಿಳಿಯಿತು. ಅದು ಮತ್ತೆ ರಂಗವೇರಿದ ಸುದ್ದಿ ಬಂದರೆ ಬೇರೆ ಯಾವ ನಾಟಕಕ್ಕೂ ಕಾಯದೆ ಹೊರಡಬಹುದು.

ಇಷ್ಟು ದೂರ ಹೋಗಲಾಗದವರಿಗೆ ಹತ್ತಿರದ ದಾರಿಯೂ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ: ಗಡಿ ದಾಟಿದರೆ ಮಡಗಾಂವಿನ ರವೀಂದ್ರ ಭವನದಲ್ಲಿ ಕೊಂಕಣಿ, ಮರಾಠಿ ನಾಟಕಗಳು ಸಿಗುತ್ತವೆ, ಅದನ್ನು ನೋಡಿ ಅದೇ ರಾತ್ರಿ ಕಾರವಾರಕ್ಕೆ ಮರಳಬಹುದು. ಆದರೆ ಕನ್ನಡ ನಾಟಕದ ಇಂದಿನ ಮಾತನ್ನು ಕೇಳಬೇಕೆಂಬವರಿಗೆ ಬೆಂಗಳೂರೇ ಆಗಬೇಕು.

ಊಟ ತಿಂಡಿಗಳ ಮಾತು ಚಿಕ್ಕದು. ಕಲಾಕ್ಷೇತ್ರದಿಂದ ತುಸು ದೂರದ ವಿಶ್ವೇಶ್ವರಪುರದ ತಿಂಡಿಬೀದಿ ನಾಟಕ ಬಿಟ್ಟ ಮೇಲೂ ಎಚ್ಚರವಾಗಿರುತ್ತದೆ, ಗಾಂಧಿಬಜಾರಿನಲ್ಲಿ 1943ರಿಂದಿರುವ ವಿದ್ಯಾರ್ಥಿ ಭವನದ ದೋಸೆಗೆ ಬೆಳಗಿನ ಹೊತ್ತೇ ಸರಿ. ಅದೇ ಗಾಂಧಿಬಜಾರಿನ ಅಂಕಿತ ಪುಸ್ತಕದಲ್ಲಿ ಕನ್ನಡ ನಾಟಕಗಳ ಅಚ್ಚಾದ ಪ್ರತಿಗಳು ದೊರೆಯುತ್ತವೆ, ಕನ್ನಡ ಭವನದಲ್ಲಿ ಅಕಾಡೆಮಿಗಳ ಪ್ರಕಟಣೆಗಳು ಅಗ್ಗದ ಬೆಲೆಗೆ ಸಿಗುತ್ತವೆ. ಹಿಂದಿನ ರಾತ್ರಿ ರಂಗದ ಮೇಲೆ ಕಂಡ ನಾಟಕವನ್ನು ಮರುದಿನ ರೈಲಿನಲ್ಲಿ ಓದುತ್ತ ಬಂದರೆ ನಿರ್ದೇಶಕನು ಎಲ್ಲಿ ಕತ್ತರಿಸಿದ, ಎಲ್ಲಿ ಸೇರಿಸಿದ, ಬರೆದ ಮಾತು ನಟನ ಬಾಯಲ್ಲಿ ಹೇಗೆ ಬೇರೆಯಾಯಿತು ಎಂಬುದು ತಾನಾಗಿಯೇ ತಿಳಿಯುತ್ತದೆ. ಅದನ್ನೇ ಮುಂದಿನ ಜಾತ್ರೆಗೆ ಊರಿನಲ್ಲಿ ಆಡಿಸಬೇಕೆಂಬ ಆಸೆ ಹುಟ್ಟಿದವರು ಪುಸ್ತಕದ ಮೊದಲ ಪುಟಗಳನ್ನು ಗಮನವಿಟ್ಟು ನೋಡಬೇಕು: ಪ್ರಯೋಗದ ಹಕ್ಕು ಲೇಖಕರದು ಅಥವಾ ಅವರ ವಾರಸುದಾರರದು ಎಂದು ಅಲ್ಲಿ ಅಚ್ಚಾಗಿರುತ್ತದೆ, ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಅವರು ಹೇಳಿದ ಸಂಭಾವನೆ ಸಲ್ಲಿಸಿಯೇ ತಾಲೀಮಿಗೆ ಕೂರಬೇಕು. ಊರ ತಂಡವೊಂದು ಒಪ್ಪಿಗೆ ಕೇಳಿ ಬರೆದ ಪತ್ರಕ್ಕೆ ಹೆಚ್ಚಿನ ನಾಟಕಕಾರರು ಸಂತೋಷದಿಂದಲೇ ಉತ್ತರಿಸುತ್ತಾರೆ. ತಾಲೀಮು ಮಳೆಗಾಲದ ಸಂಜೆಗಳಲ್ಲಿ ಆರಂಭವಾದರೆ ಕಾರ್ತಿಕದ ಹೊತ್ತಿಗೆ ನಾಟಕ ಸಿದ್ಧವಾಗಿರುತ್ತದೆ.